ತಾನೇ ಎದ್ದ ಕಂಪ್ಯೂಟರಿನ ಮೊಕದ್ದಮೆ

ಇವತ್ತು ಬೆಳಿಗ್ಗೆ ನನ್ನ ವೈರ್‌ಲೆಸ್ ಮೌಸಿನ ಸೆಲ್ ಮುಗಿದುಹೋಯಿತು. ಡ್ರಾಯರಿನ ತಳದಿಂದ ವೈರ್ ಇರುವ ಹಳೆಯ ಮೌಸೊಂದನ್ನು ಎಳೆದು ಕಂಪ್ಯೂಟರಿಗೆ ಸಿಕ್ಕಿಸಿದೆನೋ ಇಲ್ಲವೋ, ಅದರ ಹೊಟ್ಟೆಯಡಿ ಕೆಂಪು ದೀಪ ಹತ್ತಿತು. ಅಷ್ಟೇ ನೋಡಿ. ನಾಸಿಕದ ಪಂಚವಟಿಯಲ್ಲಿರುವ ಈ ಕೋಣೆಯಿಂದ ನಾನು ಸೀದಾ ಸಂಭಾಜಿನಗರದಲ್ಲಿರುವ ಚಿಕ್ಕಪ್ಪನ, ನಮ್ಮ ಕಾಕಾನ, ಮನೆಯ ಪಡಸಾಲೆಗೆ ಹೋಗಿ ಬಿದ್ದೆ. ಮೌಸಿನ ದೀಪ ನೋಡಿ ನಿಮಗೆ ಏನೂ ಅನ್ನಿಸದಿರಬಹುದು. ನನಗೆ ಮಾತ್ರ ಮೈ ಜುಮ್ಮೆನ್ನುತ್ತದೆ. ನಾನು ಗೆದ್ದ ಅತಿ ದೊಡ್ಡ ವಾದದ ಮುಖ್ಯ ಸಾಕ್ಷಿ ಅದು.

ವಾದವೆಂದರೆ ನನಗೆ ಊಟ ಬೇಡ, ನೀರು ಬೇಡ. ನಮ್ಮವರು ಬೀದರ್ ಕಡೆಯವರು. ಅಪ್ಪನಿಗೆ ಇಲ್ಲಿಯ ಅಂಬಡ್‌ನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾಸಿಕಕ್ಕೆ ಬಂದು ನೆಲೆನಿಂತವರು. ಮನೆಯಲ್ಲಿ ದೃಷ್ಟಿ ತೆಗೆದರೂ ನಾನು ಎದುರುಪಕ್ಷ, ಜಾತಕ ತೆಗೆದರೂ ಎದುರುಪಕ್ಷ. ಅವ್ವ ಬಂದವರಿಗೆಲ್ಲ ಮೊದಲೇ ಎಚ್ಚರಿಕೆ ಕೊಡುತ್ತಾಳೆ: “ಇವನ ಮುಂದ ಇವತ್ತ ಸೋಮವಾರ ಅಂತ ಸೈತ ಅನಬ್ಯಾಡ್ರಿ. ಪುರಾವಾ ಕೇಳ್ತಾನ.” ಕೇಳಿದರೆ ತಪ್ಪೇನು? ಸೋಮವಾರ ಅಲ್ಲದೆಯೂ ಇರಬಹುದಲ್ಲ!

ಇಂಥ ನಾನು ಅಂತರ ಕಾಲೇಜು ಚರ್ಚಾಸ್ಪರ್ಧೆಗೆಂದು ಸಂಭಾಜಿನಗರಕ್ಕೆ ಹೋಗಿ ಕಾಕಾನ ಮನೆಯಲ್ಲಿ ಇಳಿದೆ. ಮನೆಯಲ್ಲಿದ್ದವರು ಕಾಕಾ, ಚಿಕ್ಕಮ್ಮ ಅಂದರೆ ಕಾಕು, ಮಗಳು ಗೌರಿ. ಗೌರಿ ಆಗ ಹನ್ನೆರಡನೇ ತರಗತಿ. ಅವಳಿಗೆ ನಾನು ದಾದಾ, ಅಂದರೆ ಅಣ್ಣ. ಅವಳ ಕನ್ನಡದಲ್ಲಿ ಅರ್ಧ ಮರಾಠಿ. ಸಿಟ್ಟು ಬಂದರೆ ಪೂರ್ತಿ ಮರಾಠಿ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಹುಚ್ಚು. ನಾಸಿಕದಲ್ಲಿ ಡಿಸೈನ್ ಕಲಿಯುವ ಆಸೆ. ಕಾಕಾ ಒಪ್ಪಿದ್ದರು, ಒಂದು ಕರಾರಿನ ಮೇಲೆ: ಪರೀಕ್ಷೆ ಮುಗಿಯುವ ತನಕ ಭಾನುವಾರ ಬಿಟ್ಟು ಬೇರೆ ದಿನ ಕಂಪ್ಯೂಟರ್ ಮುಟ್ಟಕೂಡದು. ಅಷ್ಟಕ್ಕೇ ಬಿಡದೆ ಕಂಪ್ಯೂಟರನ್ನು ಅವಳ ಕೋಣೆಯಿಂದ ಎತ್ತಿ ತಂದು ಪಡಸಾಲೆಯಲ್ಲಿಟ್ಟಿದ್ದರು, ಕಣ್ಣೆದುರಿಗಿರಲಿ ಅಂತ. ಅಡುಗೆಮನೆಯ ಕಟ್ಟೆಯ ಕರೀ ಕಲ್ಲು ಗೋಡೆಯ ಕಿಂಡಿಯಿಂದ ಹಾದು ಪಡಸಾಲೆಯ ಕಡೆಗೂ ಚಾಚಿಕೊಂಡಿತ್ತು, ಊಟದ ಪಾತ್ರೆ ಆಚೆಯಿಂದ ಈಚೆ ಸರಿಸಲು. ಅದರ ಮೇಲೆ ಕಂಪ್ಯೂಟರಿನ ಪ್ರತಿಷ್ಠಾಪನೆ. ದಸರೆಯ ಪೂಜೆಯಲ್ಲಿ ಕಾಕು ಎಳೆದ ಮೂರು ವಿಭೂತಿ ಪಟ್ಟಿ ಡಬ್ಬದ ಮೇಲೆ ಇನ್ನೂ ಇದ್ದವು.

ನಾನು ಹೋದ ಸಂಜೆ ಕಾಕಾ ವಾಳೂಜಿನ ಕಾರ್ಖಾನೆಯಿಂದ ಬಂದವರೇ, ಬೂಟು ಬಿಚ್ಚುವ ಮೊದಲು ಪರದೆ ನೋಡಿದರು. ಉರಿಯುತ್ತಿತ್ತು.

“ನೋಡಪಾ, ನೀನೇ ನೋಡು. ಮುಂಜಾನೆ ನಾ ಸ್ಲೀಪಿಗೆ ಹಾಕಿ ಹೋಗೀನಿ. ಈಗ ಎದ್ದು ಕುಂತದ. ದಿನಾ ಇದೇ ಹಾಡು!”

ಒಳಕೋಣೆಯಿಂದ ಪುಸ್ತಕ ಹಿಡಿದೇ ಗೌರಿ ಬಂದಳು. “ನಾ ಮುಟ್ಟಿಲ್ಲ ಪಪ್ಪಾ. ಶಪ್ಪತ್, ಹಾತ್ ಭೀ ಹಚ್ಚಿಲ್ಲ.”

“ಮತ್ಯಾರು ಎಬ್ಬಿಸ್ಯಾರ? ನಿಮ್ಮವ್ವ? ಆಕಿಗಿ ಟೀವಿ ರಿಮೋಟ್ ಸೈತ ಬರಂಗಿಲ್ಲ.”

“ಬರ್ತದ, ಬರ್ತದ,” ಅಡುಗೆಮನೆಯಿಂದ ಕಾಕುನ ದನಿ. “ನೀವು ಒಮ್ಮಿ ಕೈಯಾಗ ಕೊಟ್ಟರಲ್ಲ!”

ಕಾಕಾ ನಗಲಿಲ್ಲ. ಕರಾರು ಮುರಿದವಳಿಗೆ ಕಂಪ್ಯೂಟರ್ ಇಲ್ಲ, ಭಾನುವಾರ ಅದನ್ನು ಗೆಳೆಯನ ಮನೆಗೆ ಸಾಗಿಸುವುದು. ಡಿಸೈನೂ ಇಲ್ಲ, ನಾಸಿಕವೂ ಇಲ್ಲ, ಇಲ್ಲೇ ಬಿ.ಕಾಂ. ತೀರ್ಪು ಹೊರಬಿತ್ತು. ಗೌರಿ ಮರಾಠಿಗೂ ಇಳಿಯಲಿಲ್ಲ. ಪುಸ್ತಕದೊಳಗೆ ಬೆರಳಿಟ್ಟುಕೊಂಡೇ ಒಳಗೆ ಹೋದಳು. ಅದು ಇನ್ನೂ ಕೆಟ್ಟದಾಗಿತ್ತು.

ನನ್ನೊಳಗಿನ ವಾದಿ ಎದ್ದು ನಿಂತ! ಇದೆಂಥ ನ್ಯಾಯ? ಆರೋಪಿಸಿದವರೇ ನ್ಯಾಯಾಧೀಶರು, ಸಾಕ್ಷಿ ಎಂದರೆ ಉರಿಯುವ ಒಂದು ಪರದೆ. “ಕಾಕಾ, ಭಾನುವಾರದ ತನಕ ಟೈಮ್ ಕೊಡ್ರಿ. ಆಕಿ ಮುಟ್ಟಿಲ್ಲ ಅಂತ ನಾ ಸಾಬೀತ ಮಾಡ್ತೀನಿ.”

“ಬಂದ್ರಪಾ ವಕೀಲ ಸಾಹೇಬ್ರು,” ಅಂದರು ಕಾಕಾ. “ಕಂಪ್ಯೂಟರ್ ತಾನಾಗೇ ಏಳ್ತದಂತ ಹೇಳಾವನಾ ನೀ? ದೆವ್ವ ಇಲ್ಲ ಅಂತ ನನ್ನ ಸಂಗಟ ಜಗಳಾಡಿದಾವ?”

ಏಟು ಸರಿಯಾಗಿ ಬಿತ್ತು. ಆದರೆ ದೆವ್ವಕ್ಕೂ ಗೌರಿಗೂ ನಡುವೆ ಇನ್ನೆಷ್ಟೋ ಆರೋಪಿಗಳಿದ್ದರು. ಸ್ಲೀಪ್ ಎಂದರೆ ಕಂಪ್ಯೂಟರಿಗೆ ಸಾವಲ್ಲ, ಕೋಳಿನಿದ್ದೆ. ಒಂದು ಕಿವಿ ತೆರೆದೇ ಇರುತ್ತದೆ. ಪೂರ್ತಿ ಬಂದ್ ಮಾಡಿ ಎಂದರೆ, ಬೆಳಗಿನ ಚಹಾದ ಜೊತೆ ಅದರಲ್ಲಿ ಸುದ್ದಿ ಓದುವ ಕಾಕಾ ಒಲ್ಲರು: “ಅದು ಚಾಲೂ ಆಗೋದ್ರಾಗ ನನ್ನ ಚಹಾ ಆರ್ತದ.” ಹಾಗಾಗಿ ನಿದ್ದೆ ಕೆಡಿಸುವವರನ್ನೇ ಹುಡುಕಬೇಕು. ಮರುದಿನ ಸ್ಪರ್ಧೆ ಮುಗಿಸಿ ಓಡಿ ಬಂದೆ. ಅಲ್ಲಿ ಏನು ಮಾತಾಡಿದೆನೋ ಇವತ್ತಿಗೂ ನೆನಪಿಲ್ಲ, ತಲೆಯೆಲ್ಲ ಇಲ್ಲಿತ್ತು. ಅಪ್‌ಡೇಟಿಗೆಂದು ಯಂತ್ರ ತಾನೇ ಇಟ್ಟುಕೊಳ್ಳುವ ಅಲಾರಮ್ಮುಗಳನ್ನು ತೆಗೆದೆ. ಇಂಟರ್ನೆಟ್ಟಿನ ಕೇಬಲ್ ಕಿತ್ತೆ. ಅದರಿಂದಲೂ ಎಬ್ಬಿಸುವ ಕರೆ ಬರುತ್ತದೆ. ಮಧ್ಯಾಹ್ನವೆಲ್ಲ ಪರದೆ ಕಪ್ಪಗೆ, ಕೂಸಿನಂತೆ ಮಲಗಿತ್ತು. ಗೆದ್ದೆ ಎಂದುಕೊಂಡು ಹೊರಗೆ ಹೋಗಿ ಭಜಿ ತಿಂದೆ. ಬಾಗಿಲಲ್ಲಿ ಕಾಕಾ ಸಿಕ್ಕರು. ಇಬ್ಬರೂ ಕೂಡಿ ಒಳಗೆ ಬಂದೆವು.

ಪರದೆ ಉರಿಯುತ್ತಿತ್ತು.

ಇನ್ನೊಂದು ಅಸ್ತ್ರವಿತ್ತು. ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು ಆಜ್ಞೆ ಟೈಪಿಸಿದರೆ, ಕೊನೆಗೆ ತನ್ನನ್ನು ಎಬ್ಬಿಸಿದ್ದು ಯಾರೆಂದು ಕಂಪ್ಯೂಟರೇ ಹೇಳುತ್ತದೆ. ಎಲ್ಲರನ್ನೂ ಕರೆದೆ. ಹಿಟ್ಟಿನ ಕೈಯಲ್ಲೇ ಕಾಕು ಬಂದು ನಿಂತಳು. ಗತ್ತಿನಿಂದ ಎಂಟರ್ ಒತ್ತಿದೆ. ಉತ್ತರ ಬಂತು: ಮೌಸ್.

“ಭಾಳ ಛಲೋ ಆತು!” ಕಾಕಾ ತೊಡೆ ತಟ್ಟಿದರು. “ಮೌಸ್ ತಾನಾಗೇ ಓಡಾಡ್ತದೇನು? ಕೈ ಬೇಕಲ್ಲ? ವಕೀಲ್ರೇ, ನಿಮ್ಮ ಸಾಕ್ಷಿ ನಮ್ಮ ಕಡಿ ಬಂತು.”

ಗೌರಿ ನನ್ನ ಕಡೆ ನೋಡಿದ ನೋಟವನ್ನು ಹೇಗೆ ಹೇಳಲಿ! ಕಕ್ಷಿದಾರಳನ್ನು ಉಳಿಸಹೋಗಿ ನಾನೇ ಬೇಡಿ ತೊಡಿಸಿದ್ದೆ.

ಸೋಲುವವನ ಕೊನೆಯ ಹಟ ಅದು: “ಈಗ ಎಲ್ಲರೂ ಇಲ್ಲೇ ಕೂಡ್ರೋಣ. ಗೌರಿ ನಿಮ್ಮ ಬಾಜೂಕ. ಯಾರೂ ಮುಟ್ಟೋದು ಬ್ಯಾಡ. ನೋಡೋಣ.” ಸ್ಲೀಪಿಗೆ ಹಾಕಿದೆ. ಪರದೆ ಕಪ್ಪಾಯಿತು. ಮೌಸಿನಡಿಯ ಕೆಂಪು ದೀಪ ಮಾತ್ರ ಆರಲಿಲ್ಲ. ಕೂತೆವು. ಏನೂ ಆಗಲಿಲ್ಲ. ಇನ್ನೂ ಕೂತೆವು. ಕಾಕಾ ಮೀಸೆಯಲ್ಲೇ ನಗತೊಡಗಿದರು.

“ನಿಮ್ಮ ಕೋರ್ಟು ನೀವು ನಡಸ್ರಿ,” ಕಾಕು ಬೇಸತ್ತಳು. “ನನ್ನ ಹಿಟ್ಟು ಒಣಗಲತದ.”

ಹೋದಳು. ಒಳಗಿನಿಂದ ಸಪ್ಪಳ ಶುರುವಾಯಿತು: ತಪ್, ತಪ್, ತಪ್, ತಪ್. ಜೋಳದ ರೊಟ್ಟಿ ಬಡಿಯುವ ನಮ್ಮ ಹೆಂಗಸರ ಕೈ ನಿಮಗೆ ಗೊತ್ತಲ್ಲ, ಲಟ್ಟಣಿಗೆಯ ನಯ ನಾಜೂಕು ಅಲ್ಲಿ ನಡೆಯುವುದಿಲ್ಲ.

ಪರದೆ ಭಕ್ಕನೆ ಬೆಳಗಿತು!

ನಾನು ಎದ್ದು ಕುಣಿದೆ. ನಿಜವಾಗಿಯೂ ಕುಣಿದೆ, ಸಭ್ಯತೆಯ ಮಾತೇ ಬೇಡ. “ಕಾಕು! ನಿಲ್ಲಸ್ರಿ! ಬಡೀಬ್ಯಾಡ್ರಿ!”

“ತವಾ ಕಾದದ, ಏನ್ ನಿಲ್ಲಸಲಿ ನಿನ್ನ ತಲಿ?”

ನಿಲ್ಲಿಸಿದಳು. ಮತ್ತೆ ಮಲಗಿಸಿದೆ. ನಿಶ್ಶಬ್ದ. “ಈಗ ಬಡೀರಿ!” ತಪ್, ತಪ್; ಪರದೆ ಎದ್ದಿತು. ಮೌಸನ್ನು ಅಂಗಾತ ಮಲಗಿಸಿ ಮತ್ತೆ ಬಡಿಸಿದೆ, ಏಳಲಿಲ್ಲ. ಸರಿಯಾಗಿಟ್ಟರೆ ಎದ್ದಿತು. ಒಂದೇ ಕಲ್ಲು! ಆ ತುದಿಗೆ ಕಾಕುನ ಅಂಗೈ, ಈ ತುದಿಗೆ ಮೌಸು. ಕಲ್ಲಿನ ನಡುಕಕ್ಕೆ ಮೌಸು ಕೂದಲೆಳೆಯಷ್ಟು ಅಲುಗಿದರೂ ಆ ಕೆಂಪು ದೀಪದ ಕಣ್ಣಿಗೆ ಅದು ಯಾರೋ ಕೈಯಿಟ್ಟ ಹಾಗೆ. ದಿನಾ ಸಂಜೆ ಗೌರಿ ಬಾಗಿಲು ಹಾಕಿಕೊಂಡು ಓದುತ್ತಾಳೆ, ಕಾಕು ರೊಟ್ಟಿ ಬಡಿಯುತ್ತಾಳೆ, ಕಾಕಾ ಬರುತ್ತಾರೆ.

ಎಲ್ಲಕ್ಕಿಂತ ರುಚಿಯಾದ ಅಂಶವನ್ನು ನಾನು ಬಿಟ್ಟೇನೆಯೇ? “ಕಾಕಾ, ಇದು ಆಕಿ ಕೋಣ್ಯಾಗ ಇದ್ದಾಗ ಯಾವಾಗರ ಎದ್ದಿತ್ತೇನ್ರಿ? ಕಾವಲಿಗಂತ ಇಲ್ಲಿ ತಂದಿಟ್ಟವರು ನೀವು. ಎಬ್ಬಿಸಿದವರೂ ನೀವೇ!”

ಕಾಕಾ ಪರದೆ ನೋಡಿದರು, ಕಿಂಡಿ ನೋಡಿದರು. “ಊಟ ಹಚ್ಚು,” ಅಂದರು ಕಾಕುಗೆ. ನಮ್ಮ ಮನೆತನದ ಗಂಡಸರು ತಪ್ಪಾಯಿತು ಅನ್ನುವುದಿಲ್ಲ. ಬಿಸಿ ರೊಟ್ಟಿ ನಿಮ್ಮ ತಟ್ಟೆಗೆ ಸರಿಸುತ್ತಾರೆ. ಆ ರಾತ್ರಿ ಮೊದಲ ರೊಟ್ಟಿ ಗೌರಿಯ ತಟ್ಟೆಗೆ ಬಿತ್ತು. ಅವಳು ಅದನ್ನು ಮುರಿಯಲೇ ಇಲ್ಲ.

ಊಟವಾದ ಮೇಲೆ ಮೌಸಿಗೆ ಇರುವ ಎಬ್ಬಿಸುವ ಅನುಮತಿ ತೆಗೆಯಲು ಕೂತೆ. ಸೆಟ್ಟಿಂಗಿನಲ್ಲಿ ಒಂದು ಚೌಕದ ಗುರುತು ಅಳಿಸಿದರೆ ಮುಗಿಯಿತು. ಗೌರಿ ನನ್ನ ಕೈ ಹಿಡಿದಳು. “ತೆಗೀಬ್ಯಾಡ ದಾದಾ. ರಾಹೂ ದೇ, ಇರ್ಲಿ ಬಿಡು. ಪಪ್ಪಾ ದಿನಾ ಬರ್ಲಿ, ದಿನಾ ನೋಡ್ಲಿ.”

ಕೆಲವು ದಿನಗಳ ಮೇಲೆ ಕಾಕು ಫೋನಿನಲ್ಲಿ ಹೇಳಿದ್ದು: ಕಾಕಾ ದಿನಾ ಬಂದು, ಉರಿಯುವ ಪರದೆ ನೋಡಿ, ಏನೂ ಅನ್ನದೆ ಕೈಕಾಲು ತೊಳೆಯಲು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಮಾತ್ರ ಕಂಪ್ಯೂಟರಿನ ವೈರು ಕಿತ್ತು, ಡಬ್ಬ ಹೊತ್ತು, ಗೌರಿಯ ಕೋಣೆಯೊಳಗಿಟ್ಟು ಬಂದರು. ಬರುವಾಗ ಬಾಗಿಲನ್ನು ತಾವೇ ಎಳೆದುಕೊಂಡರು. ನಾನು ಫೋನಿನಲ್ಲೇ ಕುಣಿದೆ. ಪುರಾವೆಯ ಗೆಲುವು, ಪ್ರಯೋಗದ ಗೆಲುವು! ಅಂದಿನಿಂದ ಎಷ್ಟು ವೇದಿಕೆಗಳ ಮೇಲೆ ಈ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೋ.

ಈಗಲೂ ಇಲ್ಲಿಗೇ ನಿಲ್ಲಿಸುವವನಿದ್ದೆ. ಆದರೆ ಇವತ್ತು ರಜೆ. ನಾಸಿಕದಲ್ಲೇ ಡಿಸೈನ್ ಓದುತ್ತಿರುವ ಗೌರಿ ಊಟಕ್ಕೆ ಬಂದವಳು, ಇಷ್ಟೊತ್ತೂ ನನ್ನ ಕುರ್ಚಿಯ ಹಿಂದೆ ನಿಂತು ನಾನು ಬರೆದದ್ದನ್ನು ಓದುತ್ತಿದ್ದಳು. ಕನ್ನಡ ಓದಲು ಅವಳಿಗೆ ತಡವಾಗುತ್ತದೆ. ತುಟಿ ಅಲ್ಲಾಡಿಸುತ್ತ ಓದಿ ಮುಗಿಸಿ ಕೇಳಿದಳು:

“ದಾದಾ, ಅವತ್ತ ಮಮ್ಮಿ ರೊಟ್ಟಿ ಬದ್ಲಿ ಚಪಾತಿ ಮಾಡಿದ್ದರ?”

“ಮಾಡಿದ್ದರ ಏನು?”

“ಸ್ಕ್ರೀನ್ ಏಳ್ತಿರಲಿಲ್ಲ. ನಿನ್ನ ಹತ್ರ ಪ್ರೂಫ್ ಇರ್ತಿರಲಿಲ್ಲ. ಮಗ್, ಆವಾಗ ನಾ ಸುಳ್ಳಿ ಆಗ್ತಿದ್ದೆನಾ?”

ಬಾಯಿ ತೆರೆದೆ. ಪ್ರತಿವಾದದ ಮೊದಲ ಪದ ನಾಲಿಗೆಯ ತುದಿಗೆ ಬರಬೇಕು, ಬರಲಿಲ್ಲ. ಅವಳು ಮುಟ್ಟಿಲ್ಲವೆಂದು ಹೇಳಿದ್ದಳು. ಅದಕ್ಕಿಂತ ಹೆಚ್ಚೇನು ಯಾರು ತಾನೇ ಹೇಳಬಹುದಿತ್ತು?

ಗೌರಿ ನಕ್ಕಳು. “ಪಪ್ಪಾಗೂ ಇದೇ ಕೇಳಿದ್ದೆ. ಅವರೂ ಹಿಂಗೇ ಕುಂತಿದ್ರು, ಬಾಯಿ ತಕ್ಕೊಂಡು. ಮರುದಿನ ಮುಂಜಾನೇನೇ ಕಂಪ್ಯೂಟರ್ ಎತ್ತಿದ್ದು.”