ಕಡೆಯ ಮನೆ ಮುಟ್ಟಿದ ಬೇರಿಂಗ್ ಗಾಡಿ

ಇಳಿಜಾರು ಎಲ್ಲಿದೆ ಎಂದು ಮಕ್ಕಳನ್ನು ಕೇಳಿ ನೋಡಿ; ಓಡಿ ತೋರಿಸುತ್ತಾರೆ. ನಮ್ಮಂಥ ಕಾಲುವೆಯವರನ್ನು ಕೇಳಿದರೆ ನಕ್ಷೆ ತರಿಸುತ್ತೇವೆ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ನಾನು ಇಂಜಿನಿಯರನಾಗಿದ್ದ ಕಾಲದಲ್ಲಿ ಊಟಕ್ಕೆ ಕೂತಾಗಲೂ ಸಾರು ತಟ್ಟೆಯ ಯಾವ ಕಡೆಗೆ ಹರಿಯಿತೆಂದು ಗಮನಿಸುವ ಚಟ ನನಗಿತ್ತು. ನೆಲದ ಏರು ತಗ್ಗುಗಳಲ್ಲಿ ನನಗೆ ತಿಳಿಯದ್ದು ಯಾವುದೂ ಇಲ್ಲವೆಂದು ನಂಬಿದ್ದೆ. ಆ ನಂಬಿಕೆಗೆ ನಾಲ್ಕು ಚಕ್ರ ಹಚ್ಚಿ ಉರುಳಿಸಿದವಳು ನನ್ನ ಮಗಳು ಗೌರಿ.

ಅವಳಾಗ ನಾಲ್ಕನೆಯ ಇಯತ್ತೆ. ಶಹಾಪುರಕ್ಕೆ ಸಂತೆಗೆ ಹೋದಾಗ ಯಾರೋ ಹುಡುಗರು ಹಲಗೆಗೆ ಹಳೆಯ ಬೇರಿಂಗು ಸಿಕ್ಕಿಸಿ, ಮೇಲೆ ಕೂತು ಇಳಿಜಾರಿನಲ್ಲಿ ಬಿಟ್ಟುಕೊಳ್ಳುವುದನ್ನು ನೋಡಿ ಬಂದಿದ್ದಳು. "ಅಪ್ಪಾ, ಎತ್ತು ಬ್ಯಾಡ, ಪೆಟ್ರೋಲ್ ಬ್ಯಾಡ, ತಾನ ಹೋಗ್ತದ! ನೀವು ಇಂಜಿನಿಯರ್ ಅದೀರಲ್ಲ, ಮಾಡಿಕೊಡ್ರಿ" ಎಂದಳು. ನಾನು ಒಪ್ಪುವ ಮೊದಲೇ ಕ್ಯಾಂಪಿನ ಮಕ್ಕಳಿಗೆಲ್ಲ ಸವಾರಿಯ ಮಾತು ಕೊಟ್ಟೂ ಆಗಿತ್ತು. ಒಳಗಿನಿಂದ ನನ್ನ ಹೆಂಡತಿ, "ಅಡಗಿಮನಿ ಬಾಗಲಕ್ಕ ಒಂದು ಚಿಲಕ ಹಾಕಾಕ ಆಗಿಲ್ಲ, ಗಾಡಿ ಮಾಡ್ತಾರಂತ ಗಾಡಿ!" ಎಂದು ಆಶೀರ್ವಾದ ಮಾಡಿದಳು.

ಸಾಮಾನಿಗೆ ಬರವಿರಲಿಲ್ಲ. ಕಾಲುವೆ ತೋಡಿದ ಕಾಲದ ಟಿಪ್ಪರುಗಳು ವರ್ಕ್‌ಶಾಪಿನ ಹಿಂದೆ ಮುಳ್ಳುಕಂಟಿಯೊಳಗೆ ಮಲಗಿದ್ದವು. ಅವುಗಳ ಸವೆದ ಬೇರಿಂಗುಗಳು, ಸೆಂಟ್ರಿಂಗಿನ ಒಡೆದ ಹಲಗೆ, ಮುಂದಿನ ಅಡ್ಡಪಟ್ಟಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸಲು ಒಂದು ಬೋಲ್ಟು, ಹಿಡಿದು ಎಳೆಯಲು ಬಾವಿ ಹಗ್ಗ. ನಾನು ಶಾಸ್ತ್ರೋಕ್ತವಾಗಿ ಕಾಗದದ ಮೇಲೆ ಗಾಡಿಯ ಚಿತ್ರ ಬರೆಯತೊಡಗಿದೆ. ಚಿತ್ರಕ್ಕೆ ಅಳತೆ ಹಾಕಿ ತಲೆಯೆತ್ತುವಷ್ಟರಲ್ಲಿ ಮಕ್ಕಳು ಮೊಳೆ ಹೊಡೆದು ಮುಗಿಸಿದ್ದರು. ಬ್ರೇಕಿಗೆಂದು ನನ್ನ ಚಪ್ಪಲಿಯನ್ನೇ ಕತ್ತರಿಸಿ ಹಿಂದೆ ಬಡಿದಿದ್ದರು. ಅದು ಹಳೆಯ ಚಪ್ಪಲಿ ಎಂಬುದು ಅವರ ವಾದ.

ಇನ್ನು ಓಡಿಸುವ ಜಾಗ. ಇಲ್ಲಿ ನಾನು ಬಾಯಿ ಹಾಕಿದೆ. ನಾರಾಯಣಪುರದ ಅಣೆಕಟ್ಟಿನಿಂದ ಇಲ್ಲಿಯವರೆಗೆ ನೀರು ಪಂಪಿಲ್ಲದೆ ತಾನಾಗಿಯೇ ಬರುತ್ತದೆ. ಅಂದಮೇಲೆ ಕಾಲುವೆಯ ಏರಿಯುದ್ದಕ್ಕೂ ಇಳಿಜಾರು ಇದ್ದೇ ಇದೆ. ಅಂದಮೇಲೆ ಗಾಡಿ ಹೋಗಲೇಬೇಕು. ಈ ತರ್ಕದಲ್ಲಿ ಇಂದಿಗೂ ನನಗೆ ತಪ್ಪು ಕಾಣುವುದಿಲ್ಲ. ಮೆರವಣಿಗೆಯಲ್ಲಿ ಗಾಡಿಯನ್ನು ಏರಿಗೆ ಒಯ್ದೆವು. ದೊಡ್ಡ ಸಾಹೇಬರ ಮಗನನ್ನು ಮೇಲೆ ಕೂರಿಸಿ ಕೈಬಿಟ್ಟೆವು. ಗಾಡಿ ನಿಂತಲ್ಲೇ ನಿಂತಿತು. ಪಕ್ಕದಲ್ಲಿ ನೀರು ಮಾತ್ರ ನಗುತ್ತ ಮುಂದೆ ಹೋಯಿತು.

ಮಕ್ಕಳಿಗೆ ವಿವರಿಸಿದೆ. ಕಾಲುವೆಯೆಂದರೆ ಮೈಲಿಗೊಂದು ಗೇಣು ಇಳಿದರೆ ಹೆಚ್ಚು. ಅಷ್ಟರಲ್ಲೇ ಹರಿಯುವ ತಾಳ್ಮೆ ನೀರಿಗಿದೆ, ಬೇರಿಂಗಿಗಿಲ್ಲ. "ಇಳಿಜಾರು ಐತಿ, ಕಣ್ಣಿಗೆ ಕಾಣಂಗಿಲ್ಲ, ಅಷ್ಟ" ಎಂದೆ. ಗೌರಿ, "ಗಾಡಿಗೂ ಕಾಣವಲ್ದು ಬಿಡ್ರಿ ಅಪ್ಪಾ" ಎಂದಳು.

ಇದನ್ನೆಲ್ಲ ಏರಿಯ ಮೇಲೆ ಬೀಡಿ ಸೇದುತ್ತ ನೋಡುತ್ತಿದ್ದವರು ಸಿದ್ದಪ್ಪ ಮುತ್ಯಾ. ಕಾಲುವೆಯ ಕೊಟ್ಟಕೊನೆಯ ಹಳ್ಳಿಯ ಮುದುಕ ರೈತರು. ಮೇಲಿನ ಹೊಲದವರು ಪೈಪು ಇಟ್ಟು ಕುಡಿದು ಉಳಿಸಿದ ನೀರು ಅವರ ಹೊಲಕ್ಕೆ ಹೋಗಬೇಕು, ಉಳಿಯುತ್ತಿರಲಿಲ್ಲ. ಪ್ರತಿ ಸೋಮವಾರ ಬಂದು ನನ್ನ ಆಫೀಸಿನ ಬೆಂಚಿನ ಮೇಲೆ ಕೂತು, "ನಮ್ಮ ಪಾಳಿ ಯಾವಾಗ್ರಿ ಸಾಹೇಬ್ರ?" ಎನ್ನುವರು. ನಾನು "ಬರ್ತದ ಮುತ್ಯಾ, ಬರ್ತದ" ಎನ್ನುವೆ. ವಾರದ ಪೂಜೆಯಂತೆ ನಡೆದುಕೊಂಡು ಬಂದಿತ್ತು. ಆ ದಿನ ಅವರು ಗಾಡಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ನಿಮ್ಮ ಕಾಲುವಿ ಮ್ಯಾಲ ಗಾಡಿನೂ ಮುಂದ ಹೋಗಂಗಿಲ್ಲೇನ್ರಿ?" ಎಂದರು.

ನಿಜವಾದ ಇಳಿಜಾರು ನಮ್ಮ ಕ್ಯಾಂಪಿನೊಳಗೇ ಇತ್ತು. ಗುಡ್ಡದ ಮೇಲೆ ನೀರಿನ ಟ್ಯಾಂಕು, ಅದರ ಕೆಳಗೆ ದೊಡ್ಡ ಸಾಹೇಬರ ಬಂಗಲೆ, ಆಮೇಲೆ ನಮ್ಮಂಥವರ ಕ್ವಾರ್ಟರ್ಸು, ಆಮೇಲೆ ಗುಮಾಸ್ತರು, ಕಡೆಗೆ ಗೇಟು ಕಾಯುವವರ ಸಾಲುಮನೆ. ಪಗಾರವೂ ಡಾಂಬರು ರಸ್ತೆಯೂ ಒಂದೇ ಅಳತೆಯಲ್ಲಿ ಇಳಿಯುತ್ತಿದ್ದವು. ಟ್ಯಾಂಕಿನ ಹತ್ತಿರ ಬಿಟ್ಟ ಗಾಡಿ ಗರಗರನೆ ಸದ್ದು ಮಾಡುತ್ತ ಸಾಲುಮನೆ ತನಕ ಹೋಯಿತು. ಕ್ಯಾಂಪಿಗೆ ಕ್ಯಾಂಪೇ ಕೂಗಿತು.

ಕೂಗು ನಿಂತ ಮೇಲೆ ಜಗಳ ಶುರುವಾಯಿತು, ಯಾರು ಮೊದಲು ಎಂದು. ಪಾಳಿ ಹಂಚುವುದು ನನ್ನ ಕಸುಬೇ ಅಲ್ಲವೆ? ಹೊಲಗಳಿಗೆ ನೀರು ಹಂಚುವ ಹಾಗೆಯೇ ಹಂಚಿದೆ: ಮೇಲಿನ ಮನೆಯವರಿಂದ ಶುರು, ಕೆಳಗಿನವರಿಗೆ ಕಡೆಗೆ. ಮಗಳಿಗೆ ಪಕ್ಷಪಾತ ಮಾಡಿದನೆಂದು ಯಾರೂ ಆಡಬಾರದಲ್ಲ, ಗೌರಿಯನ್ನು ಸಾಲುಮನೆ ಮಕ್ಕಳಿಗಿಂತ ಹಿಂದೆ, ಎಲ್ಲರ ಕೊನೆಗೆ ನಿಲ್ಲಿಸಿದೆ. ನನ್ನ ಪ್ರಾಮಾಣಿಕತೆಗೆ ನಾನೇ ತಲೆದೂಗಿದೆ.

ಮೇಲಿನ ಮಕ್ಕಳು ಒಂದು ಸಲ ಕೂತರು. "ಅದು ಬರೇ ಟ್ರಾಯಲ್ ಇತ್ತು" ಎಂದು ಇನ್ನೊಂದು ಸಲ ಕೂತರು. ಇಳಿದ ಗಾಡಿ ಮೇಲಕ್ಕೆ ಬರಬೇಕಲ್ಲ. ಅದನ್ನು ಎಳೆದು ತರುವುದು ಕೆಳಗೆ ಕಾಯುತ್ತಿದ್ದವರ ಪಾಲಿಗೆ ಬಂತು. ಗೌರಿಯೂ ಸಾಲುಮನೆ ಮಕ್ಕಳೂ ಸಂಜೆಯೆಲ್ಲ ಹಗ್ಗ ಹಿಡಿದು ಎಳೆದರು. ಕತ್ತಲಾಯಿತು, ಅವರ ಪಾಳಿ ಬರಲಿಲ್ಲ. "ಬರ್ತದವ್ವಾ, ನಿನ್ನ ಪಾಳಿನೂ ಬರ್ತದ" ಎಂದೆ. ಆ ಮಾತು ನನ್ನ ಬಾಯಿಂದ ಬಹಳ ಸಲೀಸಾಗಿ ಬಂತು. ಮರುದಿನವೂ ಅದೇ ಕತೆ.

ಅದರ ಮರುದಿನ ನಾನು ಆಫೀಸಿನಿಂದ ಬಂದಾಗ ನಮ್ಮ ಮನೆಯ ಕಟ್ಟೆಯ ಮೇಲೆ ಮುತ್ತಿಗೆ ನಡೆದಿತ್ತು. ಮುಂದೆ ಖಾಲಿ ಕೊಡವೊಂದನ್ನು ಬೋರಲು ಹಾಕಿ, ಗೌರಿಯ ಮುಂದಾಳತ್ವದಲ್ಲಿ ಕಡೆಯ ಪಾಳಿಯವರೆಲ್ಲ ಕೂತಿದ್ದರು. ರೈತರು ಆಫೀಸಿನ ಮುಂದೆ ಕೂಡುವುದನ್ನು ನೋಡಿ ಕಲಿತ ವಿದ್ಯೆ. ನಕ್ಕುಬಿಡೋಣವೆಂದುಕೊಂಡೆ. ಆದರೆ ಗೌರಿ ಅಂಗೈ ಚಾಚಿ ತೋರಿಸಿದಳು. ಬಾವಿ ಹಗ್ಗ ಉಜ್ಜಿ ಚರ್ಮ ಕೆಂಪಾಗಿ ಎದ್ದಿತ್ತು.

"ಗಾಡಿ ತೆಳಗ ತಾನ ಬರ್ತದ ಅಪ್ಪಾ. ಮ್ಯಾಲ ಒಯ್ಯಾವ್ರು ನಾವು. ಇನ್ನ ಮುಂದ ಎಳದಾವ್ರ ಕೂಡಬೇಕು" ಎಂದಳು. ಅಷ್ಟೇ. ನೀರು ಹಂಚಿಕೆಯ ಬಗ್ಗೆ ನಾನು ಕೂತೆದ್ದ ಮೀಟಿಂಗುಗಳಲ್ಲಿ ಚಹಾ ಬಿಸ್ಕೀಟು ಮುಗಿದರೂ ಮುಗಿಯದ ಮಾತನ್ನು ಅವಳು ಕೊಡದ ಮುಂದೆ ಕೂತು ಮುಗಿಸಿದ್ದಳು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಸ್ಥಿತಿ ಮರುದಿನದಿಂದ ಇರಲಿಲ್ಲ. ಎಲ್ಲರೂ ಏರಿಗೇ ಎಳೆದರು. ದೊಡ್ಡ ಸಾಹೇಬರ ಮಗ ಕೂಡ ಕೆಳಗಿಳಿದು ಬಂದು, ಏದುಸಿರು ಬಿಡುತ್ತ ಎಳೆದು, ಆಮೇಲೆಯೇ ಕೂತ. ಗೌರಿ ಟ್ಯಾಂಕಿನ ಬುಡದಿಂದ ಹೊರಟವಳು, ಬಂಗಲೆ ದಾಟಿ, ನಮ್ಮ ಮನೆ ದಾಟಿ, ನನ್ನ ಚಪ್ಪಲಿಯ ಬ್ರೇಕನ್ನು ಮರೆತು, ಸಾಲುಮನೆಯ ಕಡೆಯ ಮನೆಯ ಮುಂದಿನ ಮೇವಿನ ಬಣವೆಗೆ ನುಗ್ಗಿ ನಿಂತಳು. ಕೂದಲ ತುಂಬ ಸೊಪ್ಪೆಯ ಚೂರು, ಮುಖದ ತುಂಬ ನಗು. ಅಷ್ಟು ಖುಷಿ ನನಗೆ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನವೂ ಆಗಿರಲಿಲ್ಲ.

ಸೋಮವಾರ ಸಿದ್ದಪ್ಪ ಮುತ್ಯಾ ಬಂದರು. ಬೆಂಚಿನ ಮೇಲೆ ಕೂಡಲಿಲ್ಲ. "ನಿಮ್ಮ ಗಾಡಿ ಕಡೀ ಮನೀ ತನಕ ಬಂತಂತಲ್ಲ, ಖರೇನೇನ್ರಿ?" ಎಂದರು.

"ಹೌದು ಮುತ್ಯಾ, ಬಂತು."

"ಹಂಗಿದ್ರ ನಮ್ಮ ನೀರೂ ಅದರಾಗ ತುಂಬಿ ಕಳಸ್ರಿ. ಕಾಲುವಿ ತೋಡುವಾಗ ಮಣ್ಣಿನ ಬುಟ್ಟಿ ಹೊತ್ತಾವ ನಾನೂ ಅದೀನಿ."

"ಬರ್ತದ" ಎನ್ನಲು ಬಾಯಿ ತೆರೆದೆ. ಗೌರಿಯ ಅಂಗೈ ನೆನಪಾಗಿ ಬಾಯಿ ಮುಚ್ಚಿದೆ. ಡ್ರೈವರನನ್ನು ಕರೆದು ಕಾಲುವೆಯ ಕೊನೆಗೆ ಹೋಗಬೇಕೆಂದೆ. ಅವನು ದಾರಿ ಯಾವುದೆಂದು ಕೇಳಿದ. ಪಾಪ, ಅವನ ತಪ್ಪಲ್ಲ. ನಾನೂ ಆ ಕೊನೆಯನ್ನು ನಕ್ಷೆಯಲ್ಲಿ ಮಾತ್ರ ನೋಡಿದ್ದೆ.

ನಮ್ಮ ಆಫೀಸಿನ ಜೀಪಿಗೂ ಬೇರಿಂಗ್ ಗಾಡಿಯ ಗುಣವೇ. ತಳ್ಳದೆ ಶುರುವಾಗುವುದಿಲ್ಲ. ನಾನೂ ಮುತ್ಯಾನೂ ಹೆಗಲು ಕೊಟ್ಟು ತಳ್ಳಿದೆವು; ನನಗಿಂತ ಅವರೇ ಹೆಚ್ಚು ತಳ್ಳಿದರು. ಎಂಜಿನ್ನು ಹೊಗೆಯುಗುಳಿ ಎದ್ದಿತು. ಮುತ್ಯಾ ರೂಢಿಯಂತೆ ಹಿಂದಿನ ಬಾಗಿಲಿಗೆ ಹೋದರು. ನಾನು ಅವರ ಕೈಹಿಡಿದು ಮುಂದಿನ ಸೀಟಿಗೆ ತಂದೆ.

"ಏ, ಅದು ಸಾಹೇಬ್ರ ಜಾಗ ಅಲ್ರೀ?" ಎಂದರು.

"ದಬ್ಬಿದಾವ್ರ ಕೂಡಬೇಕು ಮುತ್ಯಾ. ನಮ್ಮ ಮನ್ಯಾಗ ಕಾನೂನು ಆಗ್ಯಾದ" ಎಂದು ನಾನು ಹಿಂದೆ ಹತ್ತಿದೆ. ದಾರಿಯನ್ನೂ ಅವರೇ ತೋರಿಸಿದರು.