ಗಡಗಡ ಓದುವುದನ್ನು ಬಿಟ್ಟ ಸಹನಾ

ಕೊರೊನಾ ಮುಗಿದು ಶಾಲೆಗಳು ಪೂರ್ತಿ ತೆರೆದ ವರ್ಷ ನಾನು ಹರಿಹರದ ಒಂದು ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಿಂದ ದಿನಾ ಬಸ್ಸಿನ ಓಡಾಟ. ಓದು ಬಾರದ ಮಕ್ಕಳಿಗೆ ಮಧ್ಯಾಹ್ನದ ಊಟವಾದ ಮೇಲೆ ಓದಿನ ತರಗತಿ. ಕಣ್ಣು ಎಳೆಯುವ ಹೊತ್ತಿನ ಆ ಪೀರಿಯಡ್ಡು ಯಾರಿಗೂ ಬೇಡವಾಗಿತ್ತು; ನಾನೇ ಕೇಳಿ ಪಡೆದೆ. ಓದು ಕಲಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಆಗಲೂ ಇತ್ತು, ಈಗಲೂ ಇದೆ.

ಐದನೇ ತರಗತಿಯ ಸಹನಾ ಅಲ್ಲಿಗೆ ಬಂದದ್ದು ಗೆಳತಿಯ ಪಕ್ಕ ಕೂರಲು. ಪಾಠಗಳನ್ನು ಗಡಗಡ ಓದುತ್ತಿದ್ದಳು. ಒಂದು ದಿನ ಅವಳು ಓದುವಾಗ ಪುಸ್ತಕದ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡವು. ಹುಡುಗಿ ನಿಲ್ಲಲೇ ಇಲ್ಲ! ಬೆರಳು ಹೊಸ ಪಾಠದ ಮೇಲೆ, ಬಾಯಲ್ಲಿ ಹಳೆಯ ಪಾಠ. ಅಯ್ಯೋ ಶಿವನೇ ಅಂದುಕೊಂಡೆ. ಒಬ್ಬರು ಹೇಳಿಕೊಟ್ಟು ಉಳಿದವರೆಲ್ಲ ಒಟ್ಟಿಗೆ ಕೂಗುವುದು ನಮ್ಮ ಶಾಲೆಗಳ ರೂಢಿ. ಹಾಗೆ ಕೇಳಿ ಕೇಳಿಯೇ ಅವಳು ಇಡೀ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಅಕ್ಷರ ಗೊತ್ತಿತ್ತು, ಕೂಡಿಸಲು ಬರುತ್ತಿರಲಿಲ್ಲ.

ಕೂಗುವುದನ್ನು ನಿಲ್ಲಿಸಿದೆ. ಯಾವ ಪುಸ್ತಕದಲ್ಲೂ ಇಲ್ಲದ ವಾಕ್ಯಗಳನ್ನು ದಿನಾ ಬೋರ್ಡಿನ ಮೇಲೆ ಬರೆದೆ. ಸಹನಾ ಮೊದಮೊದಲು ಅತ್ತಳು. ಒಂದು ಮಧ್ಯಾಹ್ನ ಒಂದು ಪದದ ಹತ್ತಿರ ನಿಂತಳು, ಹಿಂದಕ್ಕೆ ಹೋದಳು, ಸರಿಮಾಡಿಕೊಂಡು ಮುಂದೆ ಬಂದಳು. ಬಾಯಿಪಾಠ ಹೇಳುವವರು ಹಾಗೆ ಹಿಂದಕ್ಕೆ ಹೋಗುವುದಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು.

ದಸರಾ ರಜೆಗೆ ಮುಂಚೆ ಅವಳ ತಂದೆ, ಗಾರೆ ಕೆಲಸದ ಬಸಣ್ಣ, ಓದಿನ ತರಗತಿ ನಡೆಯುವಾಗಲೇ ಸಿಟ್ಟಿನಿಂದ ಬಂದರು. ಅವರಿಗೆ ಓದು ಬಾರದು.

“ಏನ್ರಿ ಮೇಡಂ, ಮೊದ್ಲು ಗಡಗಡ ಓದ್ತಿದ್ಲು, ಈಗ ತಡವರಿಸ್ತಾಳೆ. ಕೆಡಿಸಿಬಿಟ್ರಲ್ರಿ! ಇಂಥ ಓದು ಬ್ಯಾಡ. ಕುಕ್ಕುವಾಡಕ್ಕೆ, ಅವರತ್ತೆ ಮನೀಗೆ ಕಳಿಸ್ತೀನಿ. ಎಮ್ಮೆ ಕಾಯ್ಲಿ.”

ನನಗೂ ರೇಗಿತು. “ಕೂಡ್ರಿ ಬಸಣ್ಣ. ಪುಸ್ತಕಾನೇ ಬ್ಯಾಡ. ನಿಮ್ಮ ಕೈಯಾಗಿನ ಪೊಟ್ಟಣ ಕೊಡ್ರಿ” ಎಂದೆ. ಮಿರ್ಚಿ ಬಜ್ಜಿ ಕಟ್ಟಿದ್ದ ಹಳೆಯ ಪೇಪರು. ಮಿರ್ಚಿಯನ್ನು ತಟ್ಟೆಗೆ ಸುರಿದು ಪೇಪರನ್ನು ಸಹನಾಳಿಗೆ ಕೊಟ್ಟೆ.

ಎಣ್ಣೆ ಕುಡಿದ ಅಕ್ಷರಗಳ ಮೇಲೆ ಬೆರಳಿಟ್ಟು ಅವಳು ಶುರುಮಾಡಿದಳು. “ಹೊಲದ... ಬಾವಿಗೆ... ಬಿದ್ದ... ಕರಡಿ.” ಬಸಣ್ಣ ಮುಖ ಎತ್ತಿದರು. “ಅರಣ್ಯ... ಸಿಬ್ಬಂದಿ... ಏಣಿ ಇಳಿಸಿದರು. ಕರಡಿ...”

“ಮ್ಯಾಲೆ ಬಂತಾ?”

“ಇಲ್ಲಿ ಹರಿದೈತೆ ಅಪ್ಪಾ.”

“ಹಿಂದ್ಗಡೆ ನೋಡವ್ವ, ಅಲ್ಲೇನಾರ ಬರದೈತೇನು?” ಸಿಟ್ಟಿನಿಂದ ಬಂದಿದ್ದ ಮನುಷ್ಯ ಈಗ ಮಗಳ ಪಕ್ಕ ನೆಲದ ಮೇಲೆ ಕೂತಿದ್ದರು. ಹಿಂದೆ ಸೀರೆ ಅಂಗಡಿಯ ಜಾಹೀರಾತಿತ್ತು. ಅದನ್ನೂ ಓದಿಸಿಕೊಂಡರು.

ಓದಿನ ವೇಗ ಅಳೆಯಲು ಬರುವ ಅಧಿಕಾರಿಗಳಿಗೆ ಅಂದಿನಿಂದ ನಾನು ಹೇಳುತ್ತಿದ್ದದ್ದು ಒಂದೇ: ಗಡಿಯಾರ ಬದಿಗಿಡಿ, ಮಗು ಓದುವಾಗ ಕೇಳುವವರು ‘ಆಮೇಲೆ?’ ಅನ್ನುತ್ತಾರೋ ನೋಡಿ.

ಕುಕ್ಕುವಾಡದ ಮಾತು ಆ ದಿನವೇ ಮುಗಿಯಿತು. ರಜೆ ಕಳೆದು ಶಾಲೆ ತೆರೆದ ದಿನ ಬಸಣ್ಣ ಗೇಟಿನ ಹತ್ತಿರ ನಿಂತಿದ್ದರು. ಮಡಿಸಿದ ಒಂದು ಪೇಪರನ್ನು ನನ್ನ ಕೈಗಿಟ್ಟು, “ಇದು ಪೂರ್ತಿ ಐತ್ರಿ ಮೇಡಂ. ಎಲ್ಲೂ ಹರಿದಿಲ್ಲ” ಎಂದರು.