ಕಂಡಕ್ಟರ್ ಮತ್ತೆ ಬಸ್ ಹತ್ತಿದ್ದು

ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಡಕ್ಟರ್ ಕಡ್ಡಿ ಪೈಲ್ವಾನ. ಎಷ್ಟೇ ತುಂಬಿದ ಬಸ್ಸಿನಲ್ಲೂ ನುಸುಳಿ, ಹಿಂದಿನ ಸಾಲಿನವರೆಗೆ ಟಿಕೆಟ್ ಹರಿದು ಬರುತ್ತಿದ್ದ. ನಲವತ್ತೈದು ದಾಟುವ ಹೊತ್ತಿಗೆ ನೂರ ಹದಿನೆಂಟು ಕಿಲೋ ಆಗಿದ್ದ. "ಗೇಟ್ ಬಂತು, ಸರೀರಿ" ಎಂದು, ದಾರಿ ತುಂಬ ಬರುವ ಅವನನ್ನು ಕಂಡು ಯಾರಾದರೂ ಅಂದರೆ ಎಲ್ಲರಿಗಿಂತ ಮೊದಲು ಅವನೇ ನಗುತ್ತಿದ್ದ. ಆಮೇಲೆ ಮಂಡಿ ಕೈಕೊಟ್ಟಿತು. ಡಿಪೋದವರು ಅವನನ್ನು ವಿಚಾರಣೆ ಕಿಟಕಿಯಲ್ಲಿ ಕೂರಿಸಿದರು.

ಹದಿನೆಂಟು ವರ್ಷ ಜೊತೆಗಿದ್ದ ಡ್ರೈವರಣ್ಣ ದಿನಾ ಬಸ್ ತೆಗೆಯುವ ಮುಂಚೆ ಆ ಕಿಟಕಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದ. ಹೊಸ ಕಂಡಕ್ಟರನ ಸಿಳ್ಳೆಯಲ್ಲಿ ಜೀವವೇ ಇಲ್ಲ ಎಂದು ದೂರುತ್ತಿದ್ದ.

ಆಸ್ಪತ್ರೆಯ ಡಾಕ್ಟರಮ್ಮ ತೂಕ ಇಳಿಸಲು ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ಮೊದಲ ತಿಂಗಳು ಬರೀ ವಾಕರಿಕೆ. ಆಮೇಲೆ, ಹುಟ್ಟಿದಾಗಿನಿಂದ ಕೂಗುತ್ತಿದ್ದ ಹೊಟ್ಟೆ ಸುಮ್ಮನಾಯಿತು. ವರ್ಷ ಕಳೆಯುವುದರೊಳಗೆ ಇಪ್ಪತ್ತಾರು ಕಿಲೋ ಇಳಿದು, ಅವನು ಮತ್ತೆ ಬಸ್ ಹತ್ತಿದ. ಅಂದು ಮೊದಲ ಸ್ಟಾಪಿನಲ್ಲಿ ಡ್ರೈವರಣ್ಣ ಕಾರಣವಿಲ್ಲದೆ ಎರಡು ಸಲ ಹಾರನ್ ಹೊಡೆದ.

ಗೆದ್ದೆನೆಂದುಕೊಂಡು ಕಂಡಕ್ಟರ್ ಇಂಜೆಕ್ಷನ್ ಬಿಟ್ಟ. ಹಸಿವು ಹಳೇ ನೆಂಟನಂತೆ ಹೇಳದೆ ಕೇಳದೆ ಬಂದು ಝಾಂಡಾ ಊರಿತು. ಮುಂದಿನ ವರ್ಷಕ್ಕೆ ಹದಿನೇಳು ಕಿಲೋ ವಾಪಸ್. ನಾಚಿಕೆಯಿಂದ ಆಸ್ಪತ್ರೆಯ ಬೀದಿಯನ್ನೇ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗತೊಡಗಿದ. ಕೊನೆಗೆ ಡ್ರೈವರಣ್ಣನೇ ರಟ್ಟೆ ಹಿಡಿದು ಕರೆದುಕೊಂಡು ಹೋದ.

"ಬಾಯಿ ಕಟ್ಟಲಿಲ್ಲ ಮೇಡಂ. ತಪ್ಪು ನಂದೇ."

"ಬಿಪಿ ಮಾತ್ರೆ ಬಿಟ್ರೆ ಬಿಪಿ ಏರುತ್ತೆ. ಅದಕ್ಕೆ ಯಾರನ್ನಾದ್ರೂ ಬೈತೀವಾ?" ಎಂದರು ಡಾಕ್ಟರಮ್ಮ. "ಇದೂ ಹಾಗೇ. ಬಿಟ್ಟ ಮೇಲೆ ಹೆಚ್ಚಿನವರಿಗೆ ತೂಕ ತಿರುಗಿ ಬರುತ್ತೆ."

"ಹಾಗಾದ್ರೆ ಸಾಯೋವರೆಗೂ ಚುಚ್ಕೋಬೇಕಾ?"

ಬಹಳ ವರ್ಷ ಬೇಕಾಗಬಹುದು, ಜೊತೆಗೆ ನಡಿಗೆಯೂ ಬೇಕು ಎಂದರು ಅವರು. ಕಂಡಕ್ಟರನ ಮುಖ ಇಳಿದದ್ದನ್ನು ಕಂಡು ಡ್ರೈವರಣ್ಣ ಬಾಯಿ ಹಾಕಿದ. "ಮೂವತ್ತು ವರ್ಷದಿಂದ ಕನ್ನಡಕ ಹಾಕ್ಕೊಂಡೇ ಬಸ್ ಓಡಿಸ್ತಿದೀನಿ ಕಣಯ್ಯಾ. ಈಗ ಚೆನ್ನಾಗಿ ಕಾಣುತ್ತೆ ಅಂತ ತೆಗೆದು ಬಿಸಾಕಿದ್ರೆ ನೀನು ನನ್ನ ಬಸ್ ಹತ್ತುತೀಯಾ?"

ಇಂಜೆಕ್ಷನ್ ಮತ್ತೆ ಶುರುವಾಯಿತು. ತೂಕ ಹಿಂದಿನಷ್ಟು ಇಳಿಯಲಿಲ್ಲ, ತೊಂಬತ್ತೆಂಟಕ್ಕೆ ನಿಂತಿತು. ಆದರೆ ನಿಂತದ್ದು ನಿಂತೇ ಇದೆ, ಆರು ವರ್ಷದಿಂದ.

ಈಗ ಇಬ್ಬರೂ ನಿವೃತ್ತರು. ವಾರಕ್ಕೊಮ್ಮೆ ಪ್ರಯಾಣಿಕರಾಗಿ ತಮ್ಮ ಹಳೇ ರೂಟಿನಲ್ಲಿ ಹೋಗಿಬರುತ್ತಾರೆ. ಕೆಲಸದಲ್ಲಿದ್ದಾಗ ಡ್ರೈವರ್ ಸೀಟಿನ ಪಕ್ಕದ ಇಂಜಿನ್ ಬಾನೆಟ್ಟಿನ ಮೇಲೆ ಇಬ್ಬರ ಊಟದ ಡಬ್ಬಿಗಳೂ ಪಕ್ಕಪಕ್ಕ ಬಿಸಿಯಾಗುತ್ತಿದ್ದವಲ್ಲ, ಆ ಡೀಸೆಲ್ ವಾಸನೆಯ ಅನ್ನದ ರುಚಿ ಇವತ್ತಿನವರೆಗೂ ಸಿಕ್ಕಿಲ್ಲ ಎನ್ನುತ್ತಾನೆ ಕಂಡಕ್ಟರ್. ಈಗಿನ ಬಸ್ಸುಗಳಲ್ಲಿ ಇಂಜಿನ್ನು ಹಿಂದುಗಡೆ.